ಅಡಿಕೆ ಹೆಕ್ಕುವ ಸಾಧನ ಮಾಡಿದ್ದೇನೆ, ಪೇಟೆಂಟ್ ಮಾಡಿಸಬೇಕಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ. ನನಗೆ 58 ವರ್ಷ. ಶಾಲೆಗೆ ಹೋಗುವ ಕಾಲದಿಂದಲೂ ಏನಾದರೂ ಕಟ್ಟುವುದು, ಬಿಚ್ಚುವುದು, ಮತ್ತೆ ಮಾಡುವುದು ನನ್ನ ಹುಚ್ಚು. ಈಗ ಬಗ್ಗದೆ ಅಡಿಕೆ ಹೆಕ್ಕುವ ಸಾಧನ ಮಾಡಿದ್ದೇನೆ. ಕೋಲಿನ ತುದಿಗೆ ತಂತಿಯ ಗೂಡು. ನೆಲದ ಮೇಲೆ ಉರುಳಿಸಿದರೆ ಅಡಿಕೆ ಒಳಗೆ ಸೇರುತ್ತದೆ. ಬದಿಯ ಬಾಗಿಲು ತೆರೆದರೆ ಗೋಣಿಗೆ ಬೀಳುತ್ತದೆ. ಅಳಿಯ ಯೂಟ್ಯೂಬಿಗೆ ಹಾಕೋಣ ಅನ್ನುತ್ತಾನೆ. ಮನೆಯವರಿಗೆ ದುಡ್ಡು ಹಾಳಾಗುವ ಚಿಂತೆ. ಪೇಟೆಂಟ್ ಮಾಡಿಸಬೇಕಾ? ಮಾರಾಟ ಹೇಗೆ?

ಉತ್ತರ: ಮೊದಲು ಅಳಿಯನಿಗೆ ಸ್ವಲ್ಪ ತಡೆಯಲು ಹೇಳಿ. ಅರ್ಜಿ ಹಾಕುವ ಮುಂಚೆ ವಿಡಿಯೋ ಹೊರಗೆ ಬಂದರೆ, ಸಾಧನ 'ಹೊಸತು' ಎಂಬ ಹಕ್ಕನ್ನೇ ಕಳೆದುಕೊಳ್ಳುವ ಅಪಾಯವಿದೆ. ಮೇಳದಲ್ಲಿ ತೋರಿಸಿದರೂ ಇದೇ ಅಪಾಯ, ಎಲ್ಲ ಮೇಳಗಳೂ ಸುರಕ್ಷಿತವಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಲ್ಲಿ ತೋರಿಸಿದರೆ ಮಾತ್ರ, ಆಮೇಲೆ ಅರ್ಜಿ ಹಾಕಲು ಕಾನೂನಿನಲ್ಲಿ 12 ತಿಂಗಳ ರಿಯಾಯಿತಿ ಇದೆ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಉರುಳುವ ತಂತಿ ಗೂಡು ಹೊಸದಲ್ಲ. ಅಮೆರಿಕದಲ್ಲಿ ಪೆಕನ್, ವಾಲ್‌ನಟ್ ಹೆಕ್ಕಲು ಇಂಥದ್ದು ಬಳಕೆಯಲ್ಲಿದೆ. ಕಾಯಿ ತಾಗಿದಾಗ ತಂತಿಗಳು ಅಗಲವಾಗುತ್ತವೆ, ಕಾಯಿ ಒಳಹೊಕ್ಕ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಗೂಡಿಗೆ ನಿಮಗೆ ಹಕ್ಕು ಸಿಗುವುದು ಕಷ್ಟ. ಆದರೆ ನಿಮ್ಮ ಬಾಗಿಲು? ಅದು ಎಲ್ಲೂ ಪ್ರಕಟವಾಗಿಲ್ಲದಿದ್ದರೆ, ಈ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದೂ ಅಲ್ಲದಿದ್ದರೆ, ಅಲ್ಲಿ ಹಕ್ಕು ಕೇಳಬಹುದು. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹುಡುಕಾಟಕ್ಕೆ ದುಡ್ಡಿಲ್ಲ. ಅಳಿಯನನ್ನು ಸದ್ಯಕ್ಕೆ ಆ ಕೆಲಸಕ್ಕೆ ಹಚ್ಚಿ.

ಆದರೆ ನನಗೆ ಪೇಟೆಂಟಿಗಿಂತ ಮುಖ್ಯವಾಗಿ ಕಾಣುವುದು ಬೇರೆ. ಸಾಧನ ಮಾಡಿದವರ ಕೈಯಲ್ಲಿ ಚೆನ್ನಾಗಿಯೇ ಓಡುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಕೈಗೆ ಗೊತ್ತಿರುತ್ತದೆ. ಬೇರೆಯವರ ಕೈಗೆ ಹೋದಾಗಲೇ ಅದರ ಪರೀಕ್ಷೆ.

ನಿಮ್ಮ ತೋಟದಲ್ಲಿ ಅಡಿಕೆ ಹೆಕ್ಕುವ ಹೆಂಗಸರಿಗೇ ಅದನ್ನು ಕೊಡಿ. ಹೇಗೆ ಬಳಸಬೇಕು ಅಂತ ಹೇಳಿಕೊಡಬೇಡಿ. ಸುಮ್ನೆ ನೋಡಿ. ಅಂಗಳದಲ್ಲಿ ಉರುಳುವ ಗೂಡು ತೋಟದಲ್ಲಿ ಸೋಗೆಗೆ ಸಿಕ್ಕಿಕೊಳ್ಳುತ್ತದೆ, ಸ್ಪ್ರಿಂಕ್ಲರ್ ಪೈಪಿಗೆ ತಾಗುತ್ತದೆ, ಕಣಿಯ ಅಂಚಿನಲ್ಲಿ ಜಾರುತ್ತದೆ. ಹಣ್ಣಡಿಕೆಗೆ ಸರಿಯಾದ ತಂತಿಯ ಸಂದು ಒಣಗಿದ ಸಣ್ಣ ಅಡಿಕೆಗೆ ಜಾಸ್ತಿಯಾಗಿ, ಹೆಕ್ಕಿದ್ದೆಲ್ಲ ಹೊರಗೆ ಬೀಳಬಹುದು. ಬಾಗಿಲು ತೆರೆಯಲು ಅವರು ಪ್ರತಿ ಸಲ ಬಗ್ಗುತ್ತಿದ್ದರೆ 'ಬಗ್ಗದೆ' ಅನ್ನುವ ಮಾತೇ ಸುಳ್ಳಾಯಿತು, ಅಲ್ವಾ? ಯಾರಾದರೂ ಬಾಗಿಲನ್ನು ಕಾಲಿನಿಂದ ತೆರೆಯಲು ನೋಡಿದರೆ ತಿದ್ದಲು ಹೋಗಬೇಡಿ. ಬಾಗಿಲು ಹೇಗಿರಬೇಕು ಅಂತ ನಿಮಗೆ ತೋರಿಸುತ್ತಿರುವುದು ಅವರೇ. ಈ ಪರೀಕ್ಷೆ ನಿಮ್ಮ ತೋಟದೊಳಗೇ ನಡೆಯಲಿ, ಫೋಟೊ ತೆಗೆಯಬಾರದು ಅಂತ ಮೊದಲೇ ಹೇಳಿಬಿಡಿ.

ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ಅವರ ತೆಂಗಿನ ಮರ ಹತ್ತುವ ಸಾಧನ ನಿಮಗೆ ಗೊತ್ತಿರಬಹುದು. ಮರಕ್ಕೆ ಎರಡು ತಂತಿ ಕುಣಿಕೆ, ಒಂದರ ಮೇಲೆ ನಿಂತು ಇನ್ನೊಂದನ್ನು ಎತ್ತುತ್ತಾ ಹತ್ತುವುದು. ಅದಕ್ಕೆ ಪೇಟೆಂಟೂ ಸಿಕ್ಕಿತು. ಆದರೂ ಹೊಸಬರು ಹತ್ತಬೇಕಾದಾಗ ಸುರಕ್ಷತೆಯ ಪ್ರಶ್ನೆ ಬಂತು. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅದಕ್ಕೆ ಸುರಕ್ಷತಾ ಜೋಡಣೆ ಸೇರಿಸಿತು. ಒಳ್ಳೆಯ ಸಾಧನವೂ ಹೀಗೆ ಜನರ ಕೈಯಲ್ಲೇ ಬೆಳೆಯುತ್ತದೆ.

ಈಗ ಖರ್ಚಿನ ಮಾತು. ಮನೆಯವರ ಚಿಂತೆ ನ್ಯಾಯವಾದದ್ದೇ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ, ಆಮೇಲೆ ಪರಿಶೀಲನೆ ಕೋರಲು 4,000. ವಕೀಲರ ಅಥವಾ ಏಜೆಂಟರ ಫೀಸು ಇದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು ಅರ್ಜಿ ಹಾಕಿ, ಪೂರ್ಣ ವಿವರಣೆಗೆ 12 ತಿಂಗಳು ಸಮಯ ಸಿಗುತ್ತದೆ. ತೋಟದಲ್ಲಿ ತಿದ್ದಲು ಅಷ್ಟು ಸಾಕು. ಕೇರಳಕ್ಕೂ ಕರ್ನಾಟಕಕ್ಕೂ ಚೆನ್ನೈ ಕಚೇರಿಯೇ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ, ಅದೂ ನವೀಕರಣ ಶುಲ್ಕ ಕಟ್ಟುತ್ತಾ ಹೋದರೆ, ಭಾರತದೊಳಗೆ ಮಾತ್ರ.

ಏಜೆಂಟರಿಗೆ ಕೊಡುವ ಮೊದಲು ಗುಜರಾತಿನ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್‌ಗೆ ಬರೆಯಿರಿ. 2000ದಲ್ಲಿ ಶುರುವಾದ ಈ ಸಂಸ್ಥೆ ಇರುವುದೇ ನಿಮ್ಮಂಥವರಿಗಾಗಿ. ಆಯ್ಕೆಯಾದ ಸಾಧನಗಳ ಪೇಟೆಂಟ್ ಕೆಲಸಕ್ಕೆ ನೆರವಾಗುತ್ತದೆ.

ಮಾರಾಟಕ್ಕೆ ಆತುರ ಬೇಡ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮೊದಲು ನಾಲ್ಕೈದು ಮಾತ್ರ ಮಾಡಿಸಿ. ತಂತಿ ಬಗ್ಗಿಸಲು ಒಂದು ಅಚ್ಚು ಮಾಡಿಕೊಳ್ಳಿ, ಇಲ್ಲವಾದರೆ ಒಂದರ ಸಂದು ಇನ್ನೊಂದಕ್ಕೆ ಸರಿಹೋಗುವುದಿಲ್ಲ. ಅರ್ಜಿ ಹಾಕಿದ ಮೇಲೆ ಅವನ್ನು ಪರಿಚಯದ ತೋಟದವರಿಗೆ ಒಂದು ಕೊಯ್ಲಿನ ಮಟ್ಟಿಗೆ ಕೊಡಿ. ತಂತಿ ಎಲ್ಲಿ ತುಂಡಾಯಿತು, ಯಾರು ಎರಡು ದಿನ ಬಳಸಿ ಮೂಲೆಗಿಟ್ಟರು, ಯಾರು ವಾಪಸ್ ಕೊಡಲು ಒಪ್ಪಲಿಲ್ಲ, ಎಲ್ಲವನ್ನೂ ಬರೆದಿಡಿ. ಬೆಲೆ ಎಷ್ಟಿಡಬೇಕು ಅಂತ ಆ ವಾಪಸ್ ಕೊಡದವರನ್ನೇ ಕೇಳಿ.