ಬಂದೂಕು ಕಂಡಿತು, ಹಾಜರಿ ಪುಸ್ತಕ ಕಾಣಲಿಲ್ಲ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಗ್ಲಾಸ್ಗೋದಲ್ಲಿ ಹುಟ್ಟಿದ ಬಾಯ್ಸ್ ಬ್ರಿಗೇಡ್ ಎಂಬ ಕ್ರೈಸ್ತ ಬಾಲಕರ ಸಂಘದ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಟಿಪ್ಪಣಿ ಓದಿ ಬೇಸರವಾಯಿತು. ಚರ್ಚಿನ ಅಂಗಳದಲ್ಲಿ ಹನ್ನೆರಡು ವರ್ಷದ ಮಕ್ಕಳ ಕೈಗೆ ಬಂದೂಕು ಕೊಟ್ಟು ಕವಾಯತು ಮಾಡಿಸಿದವರನ್ನು ಒಂದು ಕ್ರೈಸ್ತ ಪತ್ರಿಕೆ ಹೊಗಳಬಹುದೇ? ಆ ಹುಡುಗರು 1914ರಲ್ಲಿ ಎಲ್ಲಿಗೆ ಹೋದರೆಂದು ಯಾಕೆ ಬರೆಯಲಿಲ್ಲ? ನಮ್ಮ ಸಭೆಯ ಬಾಲಕರ ಸಂಘದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದಕ್ಕೆ ಇಂಥ ಮಾದರಿ ಬೇಡ. ಜೊತೆಗಿಟ್ಟಿರುವ ಹಳೆಯ ಫೋಟೋ ಯಾವ ಕಾಲದ್ದೆಂದು ಹೇಳಬಲ್ಲಿರಾ? – ನಿವೃತ್ತ ಅಧ್ಯಾಪಕ, ಮಂಗಳೂರು

ಸಂಪಾದಕರ ಉತ್ತರ: ಮಾಷ್ಟ್ರೇ, ಬೈದು ಬರೆದ ಪತ್ರದಲ್ಲೂ ಅಕ್ಷರ ಇಷ್ಟು ದುಂಡಗೆ ಇರುವುದು ಅಪರೂಪ. ನೀವು ಹೇಳಿದ್ದರಲ್ಲಿ ಸತ್ಯವಿದೆ. ಗುಂಡು ಹಾರದ, ಕವಾಯತಿಗಷ್ಟೇ ಇಟ್ಟುಕೊಂಡಿದ್ದ ಬಂದೂಕಾದರೂ ಅದು ಬಂದೂಕೇ. ಬ್ರಿಗೇಡಿನಲ್ಲಿ ಬೆಳೆದ ಎಷ್ಟೋ ಹುಡುಗರು ಮೊದಲ ಮಹಾಯುದ್ಧಕ್ಕೆ ಹೋದರು, ಅನೇಕರು ಮರಳಲಿಲ್ಲ. ಅದನ್ನು ಬರೆಯದೆ ಬಿಟ್ಟದ್ದು ನಮ್ಮ ತಪ್ಪು. ಒಪ್ಪಿಕೊಂಡೆವು. ಇನ್ನು ನಮ್ಮ ಮಾತನ್ನೂ ಸ್ವಲ್ಪ ಕೇಳಿ.

ಬ್ರಿಗೇಡ್ ಕಟ್ಟಿದ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಹುಟ್ಟಿದ್ದು 1854ರಲ್ಲಿ, ಸ್ಕಾಟ್ಲೆಂಡಿನ ಉತ್ತರದ ತುದಿಯ ಥರ್ಸೋ ಊರಿನ ಹತ್ತಿರ. ಗ್ಲಾಸ್ಗೋಗೆ ಬಂದು ವ್ಯಾಪಾರಕ್ಕೆ ಸೇರಿದ ಈತ ಬಿಡುವಿನಲ್ಲಿ ಲ್ಯಾನಾರ್ಕ್‌ಶೈರ್ ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ಪಡೆಯ ಅಧಿಕಾರಿ, ಭಾನುವಾರ ನಾರ್ತ್ ವುಡ್‌ಸೈಡ್ ಮಿಷನ್ನಿನ ಸಂಡೇ ಸ್ಕೂಲ್ ಶಿಕ್ಷಕ. ಪಡೆಯಲ್ಲಿ ಒಂದು ಮಾತಿಗೆ ಸಾಲಾಗಿ ನಿಲ್ಲುವ ಜನ. ಸಂಡೇ ಸ್ಕೂಲಿನಲ್ಲಿ ಬೆಂಚು ಗುದ್ದುವ, ಸಿಳ್ಳೆ ಹಾಕುವ, ಪಾಠ ಮುಗಿಯುವ ಮೊದಲೇ ಕಿಟಕಿ ನೋಡುವ ಹುಡುಗರು. ಅಧ್ಯಾಪಕರಾಗಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1883ರ ಅಕ್ಟೋಬರ್ 4, ಗುರುವಾರ, ಸ್ಮಿತ್ ಇನ್ನಿಬ್ಬರು ಶಿಕ್ಷಕರನ್ನು ಜೊತೆ ಮಾಡಿಕೊಂಡು ಆ ಮಿಷನ್ ಸಭಾಂಗಣದಲ್ಲೇ ಬ್ರಿಗೇಡ್ ಶುರು ಮಾಡಿದ. (ಅದೇ ದಿನ ಪ್ಯಾರಿಸ್‌ನಿಂದ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಮೊದಲ ಸಲ ಹೊರಟಿತು. ಲೋಕದ ಕಣ್ಣೆಲ್ಲ ಆ ರೈಲಿನ ಮೇಲೆ.)

ನಿಮಗೆ ಕವಾಯತು ಎಂದರೆ ಬಂದೂಕು ಕಾಣುತ್ತದೆ. ಕವಾಯತಿನ ಮೊದಲ ಹತ್ತು ನಿಮಿಷ ಏನಾಗುತ್ತದೆಂದು ನೋಡಿ. ಎತ್ತರದವ ಬಲಕ್ಕೆ, ಕುಳ್ಳ ಎಡಕ್ಕೆ, ಎಲ್ಲರೂ ಒಂದೇ ಸಾಲು. ಬಲತುದಿಯಿಂದ ಒಂದು, ಎರಡು, ಮೂರು ಎಂದು ಎಣಿಕೆ. ಬೆಸ ಸಂಖ್ಯೆಯವರು ಒಂದು ಹೆಜ್ಜೆ ಮುಂದೆ, ಸಮ ಸಂಖ್ಯೆಯವರು ಒಂದು ಹೆಜ್ಜೆ ಹಿಂದೆ. ಒಂದನೆಯವ ಕದಲಬಾರದು, ಉಳಿದ ಬೆಸದವರು ಬಲಕ್ಕೆ, ಸಮದವರು ಎಡಕ್ಕೆ ತಿರುಗಿ, ಸುತ್ತಿ ಬಂದು ಸಾಲುಗಟ್ಟಬೇಕು. ಮುಗಿದಾಗ ಉದ್ದನೆಯವರು ಎರಡೂ ತುದಿಗೆ, ಗಿಡ್ಡರು ನಟ್ಟನಡುವೆ. ನಮ್ಮಲ್ಲಿ ಎನ್‌ಸಿಸಿಗೆ ಹೋದ ಯಾರಿಗೂ 'ಲಂಬಾ ದಾಹಿನೇ, ಛೋಟಾ ಬಾಯೇ' ಎಂದರೆ ಸಾಕು, ಕಾಲು ತಾನೇ ಎದ್ದು ನಿಲ್ಲುತ್ತದೆ. ಇದರಲ್ಲಿ ಕೆಡುವುದು ಒಂದೇ ಕಡೆ: ಪಕ್ಕದವ 'ಏಳು' ಅಂದದ್ದು ಕಿವಿಗೆ ಬೀಳದೆ ಇವನೂ 'ಏಳು' ಅಂದುಬಿಡುತ್ತಾನೆ. ಅಲ್ಲಿಂದ ಮುಂದಿನ ಸಾಲೆಲ್ಲ ತಲೆಕೆಳಗು, ಇಬ್ಬರು ಡಿಕ್ಕಿ, ಎಲ್ಲರೂ ನಗು, ಮತ್ತೆ ಮೊದಲಿಂದ. ಪಕ್ಕದವನ ಮಾತು ಕೇಳಿಸಿಕೊಳ್ಳದವನಿಗೆ ಇಲ್ಲಿ ಜಾಗವೇ ಸಿಗುವುದಿಲ್ಲ. ಗದರದೆ, ಬೆತ್ತ ಹಿಡಿಯದೆ ಮೂವತ್ತು ಹುಡುಗರಿಗೆ ಇದನ್ನು ಕಲಿಸುವ ಬೇರೆ ಉಪಾಯ ನಿಮ್ಮ ಸೇವಾವಧಿಯಲ್ಲಿ ಕಂಡಿದ್ದರೆ ಬರೆದು ಕಳಿಸಿ, ಮುಖಪುಟದಲ್ಲೇ ಹಾಕುತ್ತೇವೆ.

ನಮ್ಮ ಮಟ್ಟಿಗೆ ಸ್ಮಿತ್ತನ ಜಾಣತನವಿದ್ದದ್ದು ವಯಸ್ಸಿನ ಲೆಕ್ಕದಲ್ಲಿ. ಹನ್ನೆರಡಾದ ಮೇಲೆ ಹುಡುಗ ಚಿಕ್ಕ ಮಕ್ಕಳ ನಡುವೆ ಕೂರಲು ನಾಚುತ್ತಾನೆ, ದೊಡ್ಡವರ ಸಾಲಿನಲ್ಲಿ ಅವನಿಗೆ ಎಡೆಯಿಲ್ಲ. ಆ ನಾಲ್ಕೈದು ವರ್ಷಗಳ ಕಂದಕಕ್ಕೆ ಅವನು ಸೇತುವೆ ಕಟ್ಟಿದ. ಸಮವಸ್ತ್ರವನ್ನೂ ಅದೇ ಹದದಲ್ಲಿ ಯೋಚಿಸಿದ. ಆರಂಭದಲ್ಲಿ ಎದೆಗೊಂದು ರೋಸೆಟ್, ಅಂದರೆ ರಿಬ್ಬನ್ನಿನ ಹೂವು, ಮಾತ್ರ. ಆಮೇಲೆ ಬಂದದ್ದು ಮೂರೇ: ಡಬ್ಬಿಯಾಕಾರದ ಪುಟ್ಟ ಟೊಪ್ಪಿ, ಸೊಂಟಕ್ಕೆ ಚರ್ಮದ ಬೆಲ್ಟು, ಹೆಗಲಿಗೆ ಅಡ್ಡಲಾಗಿ ಬಿಳಿ ಬಟ್ಟೆಯ ಚೀಲ. ಕೋಟು, ಚಡ್ಡಿ, ಬೂಟು ಹುಡುಗನದೇ. ಮೂರನ್ನೂ ಮನೆಯ ಬಟ್ಟೆಯ ಮೇಲೇ ಹಾಕಿಕೊಳ್ಳಬಹುದು. ಬಡವನ ಮಗನ ತೇಪೆ ಅರ್ಧಕ್ಕರ್ಧ ಮರೆಯಾಗುತ್ತದೆ. ಇಂದು ನಮ್ಮ ಸಭೆಗಳ ಶಿಬಿರಕ್ಕೆ ಟೀ ಶರ್ಟು, ಟೊಪ್ಪಿ, ಬ್ಯಾಗು ಎಂದು ಶುಲ್ಕ ಏರಿಸುವವರು ಈ ಮೂರು ವಸ್ತುಗಳ ಲೆಕ್ಕವನ್ನೊಮ್ಮೆ ನೋಡಬೇಕು.

ಬ್ರಿಗೇಡಿನ ಲಾಂಛನ ಲಂಗರು. ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ, ಹತ್ತೊಂಬತ್ತನೆಯ ವಚನದಿಂದ ತೆಗೆದದ್ದು, ಧ್ಯೇಯವಾಕ್ಯವೂ ಅಲ್ಲಿಯದೇ. ಧ್ಯೇಯೋದ್ದೇಶದಲ್ಲಿ ಭಕ್ತಿ, ಶಿಸ್ತು, ಸ್ವಾಭಿಮಾನ ಮೊದಲಿಂದಲೂ ಇದ್ದವು. 'ವಿಧೇಯತೆ' ಸೇರಿದ್ದು ಹತ್ತು ವರ್ಷದ ಮೇಲೆ, 1893ರಲ್ಲಿ. ಬರೀ ಸೈನಿಕರನ್ನು ತಯಾರಿಸುವ ಉದ್ದೇಶವಾಗಿದ್ದರೆ ಆ ಪದ ಮೊದಲ ದಿನವೇ ಇರುತ್ತಿತ್ತಲ್ಲವೇ?

1886ರ ಜುಲೈಯಲ್ಲಿ ಮೊದಲ ಶಿಬಿರ, ಟೈನಬ್ರೂಆಖ್ ಎಂಬ ಕಡಲ ತೀರದ ಹಳ್ಳಿಯಲ್ಲಿ, ಒಂದು ವಾರ. ಆಗಿನ್ನೂ ಡೇರೆಯಿಲ್ಲ, ಒಂದು ಸಭಾಂಗಣದಲ್ಲಿ ವಾಸ. ಹೊಗೆಯ ನಗರದ ಹುಡುಗರನ್ನು ಮನೆಯಿಂದ ಏಳು ದಿನ ಹೊರಗಿಡುವುದೇ ಆ ಕಾಲಕ್ಕೆ ದೊಡ್ಡ ಸಾಹಸ. ಮುಂದೆ ಗಂಟೆಯಾಕಾರದ ಡೇರೆಗಳು ಬಂದವು, ಜೊತೆಗೆ ಅವುಗಳ ಪಾಠವೂ. ಕಾಲು ನಡುಗಂಬದ ಕಡೆಗೆ, ತಲೆ ಅಂಚಿಗೆ, ಗಾಡಿಚಕ್ರದ ಅರಗಳಂತೆ ಮಲಗಬೇಕು. ರಾತ್ರಿ ಮಲಗುವ ಮುನ್ನ ಸುತ್ತಲಿನ ಹಗ್ಗಗಳನ್ನು ತುಸು ಸಡಿಲಿಸಲೇಬೇಕು: ನಾರಿನ ಹಗ್ಗ ಮಳೆಗೋ ಇಬ್ಬನಿಗೋ ನೆನೆದರೆ ಗಿಡ್ಡವಾಗಿ ಬಿಗಿಯುತ್ತದೆ, ನಡುರಾತ್ರಿ ಗೂಟ ಕಿತ್ತು ಡೇರೆ ಮೈಮೇಲೆ ಕೂರುತ್ತದೆ. ಹಾಸಿಗೆ ಚೀಲಕ್ಕೆ ಒಣಹುಲ್ಲು ತುಂಬುವುದರಲ್ಲೂ ಅಳತೆಯಿದೆ. ಗಿಡಿದು ತುಂಬಿದರೆ ಹುಡುಗ ಉರುಳಿಬೀಳುತ್ತಾನೆ, ಕಮ್ಮಿಯಾದರೆ ಎರಡನೆಯ ರಾತ್ರಿಗೇ ಹುಲ್ಲು ಚಪ್ಪಟೆಯಾಗಿ ನೆಲದ ತಂಡಿ ಬೆನ್ನಿಗೆ ಹತ್ತುತ್ತದೆ.

ಯುದ್ಧದ ಮಾತಿಗೆ ಬರೋಣ. ಹುಡುಗರ ಸಂಘಗಳು ಸೈನಿಕ ತರಬೇತಿಯ ಕೆಡೆಟ್ ದಳಗಳಾಗಬೇಕೆಂದು ಬ್ರಿಟನ್ನಿನ ಯುದ್ಧ ಇಲಾಖೆ ಒತ್ತಾಯಿಸಿದಾಗ ಬಾಯ್ಸ್ ಬ್ರಿಗೇಡ್ ಒಲ್ಲೆನೆಂದಿತು. 1911ರಲ್ಲಿ ಒಪ್ಪಿಕೊಂಡದ್ದು ಆಂಗ್ಲಿಕನ್ ಚರ್ಚಿನ ಚರ್ಚ್ ಲ್ಯಾಡ್ಸ್ ಬ್ರಿಗೇಡ್. ನಿಮ್ಮ ಪತ್ರದ ಅರ್ಧ ಸಿಟ್ಟು ವಿಳಾಸ ತಪ್ಪಿದೆ, ಮಾಷ್ಟ್ರೇ. ಸ್ಮಿತ್ ತೀರಿಕೊಂಡದ್ದು 1914ರ ಮೇ 10ರಂದು, ಯುದ್ಧ ಹೊತ್ತಿಕೊಳ್ಳುವ ಮೂರು ತಿಂಗಳು ಮೊದಲು. ಯುದ್ಧಕಾಲದಲ್ಲಿ ಕೆಲವು ತುಕಡಿಗಳು ಕೆಡೆಟ್ ದಾರಿ ಹಿಡಿದದ್ದು ಹೌದು, 1920ರ ದಶಕದಲ್ಲಿ ಅದೂ ಬಂದೂಕೂ ಎರಡೂ ಹೋದವು. ನಿಮ್ಮಂತೆಯೇ ಬಂದೂಕಿಗೆ ಮುಖ ತಿರುಗಿಸಿದವರು ಆಗಲೇ ಇದ್ದರು: 1899ರಲ್ಲಿ ಹುಟ್ಟಿದ ಬಾಯ್ಸ್ ಲೈಫ್ ಬ್ರಿಗೇಡ್. ಅವರ ಕವಾಯತಿನಲ್ಲಿ ಸ್ಟ್ರೆಚರ್ ಹೊರುವುದು, ಜೀವ ಉಳಿಸುವುದು. 1926ರಲ್ಲಿ ಎರಡೂ ಒಂದಾದವು, ಲಂಗರದ ಹಿಂದೆ ಕೆಂಪು ಶಿಲುಬೆ ಬಂತು. ನಿಮ್ಮ ಪಕ್ಷವೇ ಗೆದ್ದಿತೆಂದು ಬೇಕಾದರೆ ಬರೆದುಕೊಳ್ಳಿ.

ಸ್ಕೌಟಿಂಗ್ ಬಗ್ಗೆ ನಿಮಗೆ ತಕರಾರಿಲ್ಲ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. 1907ರ ಆಗಸ್ಟಿನಲ್ಲಿ ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ ತನ್ನ ಮೊದಲ ಶಿಬಿರಕ್ಕೆಂದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದ ಹುಡುಗರಲ್ಲಿ ಏಳು ಮಂದಿ ಬೋರ್ನ್‌ಮತ್‌ನ, ಮೂವರು ಪೂಲ್ ಊರಿನ ಬಾಯ್ಸ್ ಬ್ರಿಗೇಡಿನವರು. ಎರಡೇ ವರ್ಷಕ್ಕೆ, 1909ರಲ್ಲಿ, ಆ ಗಾಳಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಬಂದು ಭಾರತದ ಮೊದಲ ಸ್ಕೌಟ್ ತಂಡವಾಯಿತು. ಮೊಮ್ಮಗ ಬೇಕು, ಅಜ್ಜ ಬೇಡ ಎಂದರೆ ಹೇಗೆ?

ಆದರೆ ನಮ್ಮ ನಿಜವಾದ ಕೊರಗು ಬೇರೆ. ನಮ್ಮ ಸಭೆಗಳಲ್ಲಿ ಇಂದು ಬಂದೂಕೂ ಇಲ್ಲ, ಹುಡುಗರೂ ಇಲ್ಲ. ಬೇಸಿಗೆ ರಜೆಯಲ್ಲಿ ಮೂರು ದಿನದ ಶಿಬಿರ, ದೊಡ್ಡ ಫ್ಲೆಕ್ಸು, ಧ್ವನಿವರ್ಧಕ, ಕೊನೆಗೆ ಬಿರಿಯಾನಿ. ನಾಲ್ಕನೆಯ ದಿನ ಆ ಹುಡುಗ ಎಲ್ಲಿದ್ದಾನೆಂದು ಅಯ್ಯನವರಿಗೂ ಗೊತ್ತಿಲ್ಲ, ಸಮಿತಿಗೂ ಗೊತ್ತಿಲ್ಲ. ಸಭೆಯ ಗೇಟಿನ ಬಣ್ಣಕ್ಕೆ ಎರಡು ತಾಸು ಚರ್ಚಿಸುವ ಸಮಿತಿ, ದೃಢೀಕರಣ ತರಗತಿಗೆ ಬಂದ ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ಏನಾದರೆಂದು ಎರಡು ನಿಮಿಷ ಕೇಳುವುದಿಲ್ಲ. ಬ್ರಿಗೇಡ್ ನಡೆಸುವವರಿಗೆ ವಾರಕ್ಕೊಂದು ಸಂಜೆ ಎಂದರೆ ಮಳೆಯಾದರೂ ಆ ಸಂಜೆಯೇ, ಆ ಗಂಟೆಗೇ. ಹೆಸರು ಕೂಗಬೇಕು, ಬರಬೇಕಾದವ ಬರದಿದ್ದರೆ ಅವನ ಮನೆ ಬಾಗಿಲು ತಟ್ಟಬೇಕು. ಇದಕ್ಕೆ ಬೇಕಾದ ಬಂಡವಾಳ ಒಂದು ಉದ್ದ ಪುಸ್ತಕ, ಒಂದು ಪೆನ್ನು.

ನಿಮ್ಮ ಚರಿತ್ರೆಗೂ ಆ ಪುಸ್ತಕವೇ ಆಧಾರ. ನಮ್ಮ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಮೊದಲ ಇಪ್ಪತ್ತು ಪುಟ ಶುಭಾಶಯ, ಅತಿಥಿಗಳ ಭಾವಚಿತ್ರ, ಜಾಹೀರಾತು. ಹುಡುಗರ ಹೆಸರಿಗೆ ಪುಟ ಸಾಲುವುದಿಲ್ಲ. ಮೊದಲು ಹಾಜರಿ ಪುಸ್ತಕ ಹುಡುಕಿ. ಅದು ಸಭೆಯ ಬೀರುವಿನಲ್ಲಿ ಇರುವುದು ಕಡಿಮೆ, ಕೊನೆಯ ಕಾರ್ಯದರ್ಶಿಯ ಅಟ್ಟದಲ್ಲಿ ಇರುತ್ತದೆ. ಬಳಿಕ ಸಮಿತಿಯ ನಡಾವಳಿ, ಆಮೇಲೆ ಜಮಾಖರ್ಚು. ನಡಾವಳಿಯಲ್ಲಿ 'ಸಂಘ ಚೆನ್ನಾಗಿ ನಡೆಯುತ್ತಿದೆ' ಎಂದಿರುವ ವರ್ಷವೇ ಜಮಾಖರ್ಚಿನಲ್ಲಿ ದೀಪದ ಎಣ್ಣೆಗೆ ಬಿಡಿಗಾಸೂ ಬಿದ್ದಿರದಿದ್ದರೆ ಯಾವುದನ್ನು ನಂಬಬೇಕೆಂದು ನಿಮಗೆ ಗೊತ್ತು. ಸ್ಥಾಪನೆಯ ದಿನ ಬರೆಯುವಾಗ ಮೊದಲ ಕೂಟದ ದಿನ, ಸಮಿತಿ ಮಂಜೂರು ಮಾಡಿದ ದಿನ, ಉದ್ಘಾಟನೆಯ ದಿನ ಮೂರನ್ನೂ ಬೇರೆಬೇರೆ ಬರೆಯಿರಿ. ಇವನ್ನು ಕಲಸಿದ್ದಕ್ಕೇ ಎಷ್ಟೋ ಸಂಘಗಳು ಒಂದು ವರ್ಷ ಮೊದಲೇ ಐವತ್ತು ತುಂಬಿಸಿಕೊಂಡಿವೆ. ನಡುವೆ ನಿಂತುಹೋದ ವರ್ಷಗಳನ್ನು ಮುಚ್ಚಬೇಡಿ. ಯಾಕೆ ನಿಂತಿತೆಂಬುದೇ ಓದುವವರಿಗೆ ಹೆಚ್ಚು ಉಪಯೋಗ.

ನಿಮ್ಮ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದೆವು. ಹಿಂದಿನ ಸಾಲಿನವರ ಕೈಯಲ್ಲಿ ಬಂದೂಕಿದೆ, ಆದ್ದರಿಂದ 1920ರ ದಶಕದ ಈಚೆಯದಲ್ಲ. ಮುಂದಿನ ಸಾಲಿನ ಹುಡುಗನ ಬೆಲ್ಟಿನ ಮೇಲೆ ಲಂಗರು ಮಾತ್ರ ಕಾಣುತ್ತದೆ, ಶಿಲುಬೆಯಿಲ್ಲ. ಅದೊಂದನ್ನೇ ನೆಚ್ಚುವಂತಿಲ್ಲ, ಅಣ್ಣನ ಬೆಲ್ಟು ತಮ್ಮನ ಸೊಂಟಕ್ಕೆ ಬರುತ್ತಿತ್ತು. ಟೊಪ್ಪಿಯ ಮೇಲಿನ ತುಕಡಿ ಸಂಖ್ಯೆ ಮಸುಕಾಗಿದೆ, ಒಂದೋ ಏಳೋ ತಿಳಿಯದು. ಫೋಟೋ ಹಿಂದಿರುಗಿಸುತ್ತಿದ್ದೇವೆ. ಹಿಂಬದಿಯ ಅಂಚಿನಲ್ಲಿ 'ಸುಮಾರು 1926ಕ್ಕೆ ಮುಂಚೆ' ಎಂದು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿದ್ದೇವೆ. ದಯವಿಟ್ಟು ಅದರ ಮೇಲೆ ಪೆನ್ನಿನಿಂದ ತಿದ್ದಬೇಡಿ, ಶಾಯಿ ಮುಂದಿನ ಮುಖಗಳಿಗೆ ಇಳಿಯುತ್ತದೆ.