ತಗಡಿನ ಅಡಿಕೆ ಶೆಡ್ಡಿಗೆ ಮನೆಯ ವೈಫೈ ಸಿಗುತ್ತಿಲ್ಲ, ದೊಡ್ಡ ಆಂಟೆನಾದ ರೂಟರ್ ತಂದರೆ ಸರಿಹೋಗುತ್ತಾ?

ಸರಿಹೋಗುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಮನೆಯಿಂದ ಶೆಡ್ಡಿಗೆ 60 ಮೀಟರ್, ಬಾಗಿಲ ಹೊರಗೆ ಎರಡು ಕಡ್ಡಿ ಸಿಗ್ನಲ್, ಒಳಗೆ ಕಾಲಿಟ್ಟರೆ ಸೊನ್ನೆ ಎಂದು ಬರೆದಿದ್ದೀರಿ. ಉತ್ತರ ಅಲ್ಲೇ ಇದೆ ನೋಡಿ. 60 ಮೀಟರ್ ದಾಟಿ ಬಂದ ಸಿಗ್ನಲ್ಲು ಅರ್ಧ ಮಿಲಿಮೀಟರ್ ತಗಡಿಗೆ ಸೋಲುತ್ತಿದೆ. ರೇಡಿಯೋ ಅಲೆ ತಗಡಿಗೆ ಬಡಿದು ವಾಪಸ್ ಹೋಗುತ್ತದೆ. ಒಳಗೆ ಬರುವುದೇನಿದ್ದರೂ ಬಾಗಿಲು, ಕಿಟಕಿ, ಸಂದಿಗಳಿಂದ. ದೊಡ್ಡ ರೂಟರ್ ಇನ್ನಷ್ಟು ಜೋರಾಗಿ ಕೂಗಬಹುದು. ಆದರೆ ಒಳಗಿರುವ ನಿಮ್ಮ ಫೋನೂ ವಾಪಸ್ ಉತ್ತರ ಕೊಡಬೇಕಲ್ವಾ? ಅದರ ದನಿ ಮೊದಲಿನಷ್ಟೇ.

ನಮ್ಮ ತೋಟ ತೀರ್ಥಹಳ್ಳಿ ಕಡೆ. ನಮ್ಮ ಶೆಡ್ಡೂ ನಾಲ್ಕು ಸುತ್ತು ತಗಡು, ಮೇಲೂ ತಗಡು. ಕೊಯ್ಲಿನ ಕಾಲದಲ್ಲಿ ಒಣಗಿದ ಅಡಿಕೆ ಅಲ್ಲೇ ಇರುತ್ತದೆ, ಕ್ಯಾಮೆರಾ ಇಲ್ಲದೆ ನಿದ್ದೆ ಬರುವುದಿಲ್ಲ. ಮೊದಲು ನಾನೂ ಸಿಗ್ನಲ್ ಹಿಡಿದು ಮತ್ತೆ ಹರಡುವ ಒಂದು ರಿಪೀಟರ್ ತಂದು ಶೆಡ್ಡಿನ ಒಳಗೇ ಸಿಕ್ಕಿಸಿದೆ. ಸಿಗ್ನಲ್ಲೇ ಬಾರದ ಜಾಗದಲ್ಲಿ ಅದು ಏನನ್ನು ರಿಪೀಟ್ ಮಾಡಬೇಕು ಪಾಪ!

ಆಮೇಲೆ ಬುದ್ಧಿ ಬಂದು ಮನೆಯಿಂದ ಶೆಡ್ಡಿಗೆ ತಾಮ್ರದ ಕ್ಯಾಟ್‌ಸಿಕ್ಸ್ (ಇಂಟರ್ನೆಟ್ಟಿನ) ಕೇಬಲ್ ಎಳೆದೆ. ಅದು 100 ಮೀಟರ್‌ವರೆಗೆ ಸಲೀಸಾಗಿ ಓಡುತ್ತದೆ. ಹಲಸಿನ ಮರಕ್ಕೊಂದು ಕಟ್ಟು, ಶೆಡ್ಡಿನ ಮೂಲೆಗೊಂದು ಕಟ್ಟು. ಐದು ತಿಂಗಳು ಚೆನ್ನಾಗಿಯೇ ನಡೆಯಿತು. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಮಳೆ ಬಂತು. ಸಿಡಿಲು ನಮ್ಮ ಮನೆಗೇನೂ ಬೀಳಲಿಲ್ಲ, ಎಲ್ಲೋ ಗುಡ್ಡದ ಬದಿಗೆ ಬಿತ್ತು. ಆದರೂ ಮನೆಯ ರೂಟರ್, ಶೆಡ್ಡಿನ ರೂಟರ್, ಎರಡು ಕ್ಯಾಮೆರಾ ಒಟ್ಟಿಗೇ ಹೋದವು. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವುದೆಂದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಬಯಲುಸೀಮೆಯವರು ಹೇಗೋ ಗೊತ್ತಿಲ್ಲ, ನಮ್ಮ ಮಲೆನಾಡಿನಲ್ಲಿ ನಾನಂತೂ ಇದನ್ನು ಯಾರಿಗೂ ಹೇಳುವುದಿಲ್ಲ.

ಈಗ ಇರುವುದು ಫೈಬರ್. ಗಾಜಿನ ಎಳೆಯಲ್ಲಿ ಹೋಗುವುದು ಬೆಳಕು, ಕರೆಂಟು ದಾಟುವುದಿಲ್ಲ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಬೆಳಕನ್ನು ರೂಟರಿನ ತಾಮ್ರದ ಕೇಬಲ್ಲಿಗೆ ಬದಲಿಸಿಕೊಡುವ ಡಬ್ಬ) ಬೇಕು, ಜೋಡಿಯಾಗಿಯೇ ಕೊಳ್ಳಿ. ಒಂದೇ ಎಳೆಯಲ್ಲಿ ನಡೆಯುವಂಥದ್ದಾದರೆ ಒಂದು ಕನ್ವರ್ಟರ್ ಎ ಬಗೆಯದು, ಇನ್ನೊಂದು ಬಿ ಬಗೆಯದು ಇರಬೇಕು. ಎರಡೂ ಎ ತಂದರೆ ಲಿಂಕ್ ಬರುವುದೇ ಇಲ್ಲ. ಕೇಬಲ್ಲು ಕೇಳುವಾಗ ಒಳಗೆ ಉಕ್ಕಿನ ತಂತಿ ಇಲ್ಲದ್ದು, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವುದು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಸಿಡಿಲಿನ ಕಥೆ ಮತ್ತೆ ಶುರು. ತುದಿಯ ಕನೆಕ್ಟರ್ ನೀಲಿಯೋ ಹಸಿರೋ ನೋಡಿಕೊಳ್ಳಿ, ಹಸಿರಿನ ಮುಖ ಓರೆಯಾಗಿರುತ್ತದೆ, ನೀಲಿಯ ಜೊತೆ ಸರಿಯಾಗಿ ಕೂರುವುದಿಲ್ಲ. ತುದಿ ಜೋಡಿಸಿಯೇ ಬರುವ ಉದ್ದದ ಕೇಬಲ್ ಸಿಗುತ್ತದೆ. ಇಲ್ಲವಾದರೆ ನಿಮ್ಮೂರಿಗೆ ಇಂಟರ್ನೆಟ್ ಎಳೆದ ಹುಡುಗರೇ ಜೋಡಿಸಿಕೊಡುತ್ತಾರೆ.

ಕೇಬಲ್ಲನ್ನು ಸುಮ್ನೆ ನೆಲದ ಮೇಲೆ ಬಿಡಬೇಡಿ. ಇಲಿ, ಅಳಿಲು, ಮಂಗ, ನಮ್ಮಲ್ಲಿ ಯಾವುದಕ್ಕೆ ಬರ? ತೋಟದಲ್ಲಿ ನೀರಿನ ಕಪ್ಪು ಪೈಪು ಮಿಕ್ಕಿದ್ದು ಇದ್ದೇ ಇರುತ್ತದೆ. ಅದರೊಳಗೆ ತೂರಿಸಿ ಒಂದೂವರೆ ಅಡಿ ಆಳಕ್ಕೆ ಹೂತು ಬಿಡಿ. ಜೊತೆಗೊಂದು ನೈಲಾನ್ ಹಗ್ಗ ಒಳಗೇ ಇರಲಿ, ಮುಂದೆ ಇನ್ನೊಂದು ಕೇಬಲ್ ಎಳೆಯಲು ಬೇಕಾಗುತ್ತದೆ.

ಶೆಡ್ಡಿನ ಒಳಗೆ ಹಳೇ ರೂಟರ್ ಸಾಕು. ಅದರಲ್ಲಿ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವಿಳಾಸ 192.168.1.2 ಅಂತ ಬದಲಿಸಿ (ಮನೆಯದು 192.168.1.1 ಆಗಿದ್ದರೆ), ಕನ್ವರ್ಟರಿನಿಂದ ಬರುವ ಕೇಬಲ್ಲನ್ನು ಲ್ಯಾನ್ ಎಂದು ಬರೆದ ಪೋರ್ಟಿಗೇ ಸಿಕ್ಕಿಸಿ. ವೈಫೈ ಹೆಸರು, ಪಾಸ್‌ವರ್ಡ್ ಮನೆಯದೇ ಇರಲಿ. ಆಗ ತಗಡು ನಿಮ್ಮ ಕಡೆಗೇ, ಸಿಗ್ನಲ್ ಒಳಗೇ ಪುಟಿಯುತ್ತಾ ಮೂಲೆಮೂಲೆಗೂ ಸಿಗುತ್ತದೆ. ರೂಟರನ್ನು ಮಾಡಿನ ಹತ್ತಿರ ಮಾತ್ರ ತೂಗುಹಾಕಬೇಡಿ. ಮನೆಬಳಕೆಯ ರೂಟರ್ ಸಾಮಾನ್ಯವಾಗಿ 40 ಡಿಗ್ರಿವರೆಗಿನ ಸೆಖೆಗೆ ಮಾಡಿದ್ದು, ಮಾರ್ಚ್ ಮಧ್ಯಾಹ್ನ ತಗಡಿನ ಕೆಳಗೆ ಅದು ಸಾಲದು. ಮಳೆಗಾಲದಲ್ಲಿ ಅದೇ ತಗಡು ಬೆವರಿ ಹನಿ ಉದುರಿಸುತ್ತದೆ. ಎದೆಮಟ್ಟದಲ್ಲಿ, ಅಡಿಕೆ ಬೇಯಿಸುವ ಒಲೆಯಿಂದ ದೂರ, ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ. ಕಬ್ಬಿಣದ ಡಬ್ಬ ಬೇಡ, ಮತ್ತೆ ಅದೇ ಗೋಳು.

ಗುಂಡಿ ತೋಡುವುದು ಆಗದ ಮಾತು ಎಂದಾದರೆ ಹೊರಗೆ ಹಾಕುವ ವೈರ್‌ಲೆಸ್ ಬ್ರಿಜ್ (ಎದುರುಬದುರು ನಿಂತು ಗಾಳಿಯಲ್ಲೇ ಇಂಟರ್ನೆಟ್ ದಾಟಿಸುವ ಆಂಟೆನಾ) ಜೋಡಿ ಇದೆ, ಒಂದು ಮನೆ ಗೋಡೆಗೆ, ಒಂದು ಶೆಡ್ಡಿನ ಹೊರಗೋಡೆಗೆ. ನಡುವೆ ಮರ ಇರಬಾರದು. ಒದ್ದೆ ಅಡಿಕೆ ಸೋಗೆ 5 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಬೇಸಿಗೆಯಲ್ಲಿ ನೋಡಿ ಹಾಕಿದ್ದು ಆಷಾಢದಲ್ಲಿ ಕೈಕೊಡುತ್ತದೆ. ಕರೆಂಟು ತಂತಿಯಲ್ಲೇ ಇಂಟರ್ನೆಟ್ ಕಳಿಸುವ ಅಡಾಪ್ಟರ್ ಕೂಡ ಇದೆ. ಶೆಡ್ಡು ಮನೆಯ ಮೀಟರಿನಲ್ಲಿಲ್ಲದೆ ಪಂಪ್‌ಸೆಟ್ ಮೀಟರಿನಲ್ಲಿದ್ದರೆ ಅದರ ಆಸೆ ಬಿಡಿ.

ಇನ್ನೊಂದು ಮರೆತಿದ್ದೆ. ಮನೆಯ ತುದಿಗೂ ಶೆಡ್ಡಿನ ತುದಿಗೂ ಒಂದೊಂದು ಸಣ್ಣ ಯುಪಿಎಸ್ ಇಡಿ, ಅದರ ವೋಲ್ಟೇಜ್ ನಿಮ್ಮ ರೂಟರ್, ಕನ್ವರ್ಟರಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ನಾನು ಮೊದಲು ಶೆಡ್ಡಿಗೆ ಮಾತ್ರ ಇಟ್ಟಿದ್ದೆ. ಕರೆಂಟು ಹೋದ ರಾತ್ರಿ ಕ್ಯಾಮೆರಾ ಎಚ್ಚರವಾಗಿತ್ತು, ಮನೆಯ ರೂಟರ್ ಮಲಗಿತ್ತು.