ಆರ್ಗನ್ ಎಲ್ಲಿ ಹೋಯಿತು?

ನಮಸ್ಕಾರ.

ಆಲಿಸ್ ಕೋಲ್ಟ್ರೇನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಜಾಝ್ ಸಂಗೀತದಲ್ಲಿ ಆರ್ಗನ್ ಎಂಬ ಕೀಬೋರ್ಡ್ ವಾದ್ಯ ನುಡಿಸುತ್ತಿದ್ದ ಅಮೆರಿಕದ ಹೆಣ್ಣುಮಗಳು ಭಾರತಕ್ಕೆ ಬಂದು, ಇಲ್ಲಿನ ಭಜನೆಯನ್ನು ತನ್ನ ಸಂಗೀತದೊಳಗೆ ಸೇರಿಸಿಕೊಂಡ ಕತೆ. ಕನ್ನಡದಲ್ಲಿ ಇಂಥ ವಿಷಯಕ್ಕೆ ಕೈಹಾಕುವವರು ಕಡಿಮೆ. ಹಾಗಾಗಿ ಖುಷಿಯಿಂದಲೇ ಓದಲು ಕೂತೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. 'ಪ್ರಯತ್ನ ಮುಂದುವರಿಸಿ' ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅದಕ್ಕೆ ಮನಸ್ಸು ಬರಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸುಲಭದ್ದು. ಶುರುವಿನ ಒಂದೂವರೆ ಪುಟ ತೆಗೆದುಬಿಡಿ. ಸಂಗೀತಕ್ಕೆ ಗಡಿಯಿಲ್ಲ, ಜಾತಿಯಿಲ್ಲ, ಭಾಷೆಯಿಲ್ಲ ಎಂಬ ಮಾತುಗಳೆಲ್ಲ ಅಲ್ಲಿವೆ. ಯಾರ ಬಗ್ಗೆ ಬರೆದರೂ ಅವನ್ನು ಹಾಗೇ ಅಂಟಿಸಬಹುದು, ಅಲ್ವಾ? 'ಅಲೌಕಿಕ', 'ದಿವ್ಯ', 'ಅನಿರ್ವಚನೀಯ' ಇವೂ ಹೋಗಲಿ. ಮಾತಿನಲ್ಲಿ ಹೇಳಲಾಗದು ಅಂತ ನೀವೇ ಬರೆದ ಮೇಲೆ ಓದುಗ ಮುಂದೆ ಯಾಕೆ ಓದಬೇಕು?

ಈಗ ದೊಡ್ಡ ತಕರಾರು. ನಿಮ್ಮ ವಾದ ಇಷ್ಟು: ಆಲಿಸ್ ಭಾರತಕ್ಕೆ ಬಂದರು, ಋಷಿಕೇಶ ನೋಡಿದರು, ಬದಲಾದರು, ವಾಪಸ್ ಹೋಗಿ 'ಜರ್ನಿ ಇನ್ ಸಚ್ಚಿದಾನಂದ' ಆಲ್ಬಮ್ ಮಾಡಿದರು. ಕೇಳಲು ಚೆನ್ನಾಗಿದೆ, ತಾರೀಖು ಒಪ್ಪುವುದಿಲ್ಲ. ಆ ಆಲ್ಬಮ್‌ನ ಬಹುಭಾಗ ರೆಕಾರ್ಡ್ ಆದದ್ದು 1970ರ ನವೆಂಬರ್ 8ರಂದು, ನ್ಯೂಯಾರ್ಕ್ ಹತ್ತಿರದ ಡಿಕ್ಸ್ ಹಿಲ್ಸ್‌ನಲ್ಲಿ, ಅವರ ಮನೆಯ ಸ್ಟುಡಿಯೋದಲ್ಲೇ. ಭಾರತಕ್ಕೆ ಹೊರಟದ್ದು ಅದರ ಮುಂದಿನ ತಿಂಗಳು. ಹೆಸರಿನಲ್ಲಿ 'ಜರ್ನಿ' ಇದೆ ಅಂತ ಪ್ರಯಾಣ ಮುಗಿದಿತ್ತು ಅಂದುಕೊಂಡಿರಿ. ಆ ಹೊತ್ತಿಗೆ ಅವರಿಗೆ ಹತ್ತಿರವಾಗಿದ್ದದ್ದು ಭಾರತ ಅಲ್ಲ, ಅಮೆರಿಕದಲ್ಲೇ ಸಿಕ್ಕ ಒಬ್ಬ ಗುರು. ಕೊಯಮತ್ತೂರು ಸೀಮೆಯ, ಶಿವಾನಂದರ ಶಿಷ್ಯ ಸ್ವಾಮಿ ಸಚ್ಚಿದಾನಂದ. 1969ರಲ್ಲಿ ವುಡ್‌ಸ್ಟಾಕ್ ಉತ್ಸವದ ಶುರುವಿನಲ್ಲಿ ಮಾತಾಡಿದರಲ್ಲ, ಅವರೇ.

ಇನ್ನೂ ಒಂದು ಇದೆ. ಆ ಆಲ್ಬಮ್‌ನಲ್ಲಿ ಆರ್ಗನ್ನೇ ಇಲ್ಲ! ಆಲಿಸ್ ಅಲ್ಲಿ ನುಡಿಸುವುದು ಹಾರ್ಪ್ ಎಂಬ ದೊಡ್ಡ ತಂತಿವಾದ್ಯ ಮತ್ತು ಪಿಯಾನೋ. ಆರ್ಗನ್ ವಾದಕಿಯ ಲೇಖನದಲ್ಲಿ ಆರ್ಗನ್ ಇಲ್ಲದ ಆಲ್ಬಮ್‌ಗೆ ಎರಡು ಪುಟ ಕೊಟ್ಟಿದ್ದೀರಿ.

ಬೇಜಾರಾಗಬೇಡಿ, ಯಾಕೆಂದರೆ ಸರಿಯಾದ ತಾರೀಖು ಇಟ್ಟುಕೊಂಡರೆ ಕತೆ ಇನ್ನೂ ಚೆನ್ನಾಗಿದೆ. ತಂಬೂರಿ ಅವರ ಸಂಗೀತಕ್ಕೆ ಬಂದದ್ದು ಪ್ರಯಾಣಕ್ಕಿಂತ ಮೊದಲು, 'ಜರ್ನಿ'ಯಲ್ಲೇ. ಪ್ರಯಾಣ ಮುಗಿಸಿ 1971ರಲ್ಲಿ ಮಾಡಿದ 'ಯೂನಿವರ್ಸಲ್ ಕಾನ್ಶಸ್‌ನೆಸ್' ಆಲ್ಬಮ್‌ನಲ್ಲಿ ಹೊಸದಾಗಿ ಕೇಳಿಸುವುದು ವುರ್ಲಿಟ್ಜರ್ ಕಂಪನಿಯ ವಿದ್ಯುತ್ ಆರ್ಗನ್. ಭಾರತಕ್ಕೆ ಹೋಗಿ ಬಂದವರು ಸಿತಾರ್ ಹಿಡಿಯಲಿಲ್ಲ. ಹುಟ್ಟೂರು ಡೆಟ್ರಾಯಿಟ್‌ನಲ್ಲಿ, ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ, ಹುಡುಗಿಯಾಗಿದ್ದಾಗ ನುಡಿಸಿದ ವಾದ್ಯಕ್ಕೇ ಮರಳಿದರು. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು.

ಯಾಕೆ ಆರ್ಗನ್ ಅನ್ನುವುದಕ್ಕೆ ಉತ್ತರ ಹುಡುಕಲು ಆಧ್ಯಾತ್ಮದ ಕಡೆ ಓಡಬೇಡಿ. ವಾದ್ಯ ನೋಡಿ. ಪಿಯಾನೋ ಸ್ವರ ಬಡಿದ ಕ್ಷಣದಿಂದ ಸಾಯುತ್ತಾ ಹೋಗುತ್ತದೆ. ಹಾರ್ಪ್ ಅಂತೂ ಇನ್ನೂ ಬೇಗ. ವಿದ್ಯುತ್ ಆರ್ಗನ್‌ನಲ್ಲಿ ಬೆರಳು ಎತ್ತುವ ತನಕ ಸ್ವರ ಹಾಗೇ ನಿಂತಿರುತ್ತದೆ. ನಮ್ಮ ಹಾರ್ಮೋನಿಯಂನಂತೆ ತಿದಿ ಒತ್ತುವ ಕೆಲಸವೂ ಇಲ್ಲ, ಹಾಗಾಗಿ ಎರಡೂ ಕೈ ಬಿಡುವಾಗಿರುತ್ತವೆ. ಮೇಲೊಂದು ಕೆಳಗೊಂದು ಕೀಬೋರ್ಡ್, ಕಾಲಿಗೆ ಮಂದ್ರದ ಪೆಡಲ್‌ಗಳು. ಒಬ್ಬರೇ ಕೂತು ಶ್ರುತಿ ಹಿಡಿದು, ಅದರ ಮೇಲೆ ಎಷ್ಟು ಬೇಕೋ ಅಷ್ಟು ಓಡಬಹುದು. ಅದೇ ಆಲ್ಬಮ್‌ನ 'ಬ್ಯಾಟಲ್ ಅಟ್ ಆರ್ಮಗೆಡ್ಡನ್' ಕೇಳಿ. ರಶೀದ್ ಅಲಿ ಅವರ ಡ್ರಮ್ಸ್, ಎದುರಿಗೆ ಆಲಿಸ್ ಅವರ ಆರ್ಗನ್, ಅಷ್ಟೇ. ಶಾಂತಿ, ಧ್ಯಾನ ಅಂತ ನೀವು ಬರೆದದ್ದೆಲ್ಲ ಅಲ್ಲಿ ಚೂರುಚೂರಾಗುತ್ತದೆ. ಅದನ್ನೂ ಬರೆಯಬೇಕು.

ಈಗ, ಮನಸ್ಸು ಬರಲಿಲ್ಲ ಅಂದೆನಲ್ಲ, ಅದರ ಕಾರಣ. ನಿಮ್ಮ ಐದನೇ ಪುಟ. 1977ರ 'ರಾಧಾ-ಕೃಷ್ಣ ನಾಮ ಸಂಕೀರ್ತನ' ಆಲ್ಬಮ್‌ನ 'ಓಂ ನಮಃ ಶಿವಾಯ' ಬಗ್ಗೆ ಬರೆದ ಆರು ಸಾಲು. ಸುಮಾರು ಹತ್ತೊಂಬತ್ತು ನಿಮಿಷ, ತಾಯಿ ಆರ್ಗನ್, ಮಗ ಜಾನ್ ಜೂನಿಯರ್ ಡ್ರಮ್ಸ್. 'ಹುಡುಗ ದಾರಿ ತಪ್ಪುತ್ತಾನೇನೋ ಅನ್ನಿಸಿದಾಗ ಅಮ್ಮ ಒಂದೇ ಸ್ವರ ಹಿಡಿದು ಕಾಯುತ್ತಾಳೆ' ಅಂತ ಬರೆದಿದ್ದೀರಿ. ಈ ಒಂದು ಸಾಲು ಬರೆಯಲು ಕಿವಿ ಬೇಕು. ಉಳಿದದ್ದನ್ನೆಲ್ಲ ಎಲ್ಲೋ ಓದಿ ಬರೆದಿದ್ದೀರಿ, ಇದನ್ನು ಕೇಳಿ ಬರೆದಿದ್ದೀರಿ.

ಅದೇ ಕಿವಿಯಿಂದ ಅದೇ ಆಲ್ಬಮ್‌ನ 'ಪ್ರೇಮ ಮುದಿತ' ಕೇಳಿ. ನಮ್ಮೂರುಗಳ ಭಜನಾ ಮಂಡಳಿಗಳಲ್ಲಿ ಗುರುವಾರ ಹಾಡುವ 'ಪ್ರೇಮ ಮುದಿತ ಮನಸೆ ಕಹೋ' ಗೊತ್ತಲ್ಲ. ಆಲಿಸ್ ಶಿಷ್ಯರ ಬಾಯಲ್ಲಿ ಅದು ಭಾನುವಾರದ ಚರ್ಚಿನ ಹಾಡಿನಂತೆ ತೂಗುತ್ತದೆ. ಚಪ್ಪಾಳೆ ಬೇರೆ, ಉಸಿರು ಬೇರೆ, ಹಿಂದಿನ ಸ್ವರಮೇಳ ಪೂರ್ತಿ ಗಾಸ್ಪೆಲ್, ಅಂದರೆ ಕಪ್ಪು ಜನರ ಚರ್ಚ್ ಸಂಗೀತ. ಇದನ್ನು ಕೇಳಿದ ಮೇಲೂ 'ಪಶ್ಚಿಮ ನಮ್ಮ ಸಂಸ್ಕೃತಿಗೆ ತಲೆಬಾಗಿದ ಕ್ಷಣ' ಅಂತ ಬರೆಯಲು ನಿಮಗೆ ಮನಸ್ಸಾದರೆ ಬರೆಯಿರಿ, ನಾನು ಹಾಕುವುದಿಲ್ಲ. ಯಾರೂ ಯಾರಿಗೂ ತಲೆಬಾಗಿಲ್ಲ ಅಲ್ಲಿ. ಡೆಟ್ರಾಯಿಟ್ ಚರ್ಚ್ ತನ್ನ ಸ್ವರದಲ್ಲೇ ರಾಮನನ್ನು ಕರೆಯುತ್ತಿದೆ. ಅಂದಹಾಗೆ ಆಕೆ 'ಪಶ್ಚಿಮ' ಅನ್ನುವ ಒಂದು ಮುದ್ದೆ ಅಲ್ಲ, ಕಪ್ಪು ಅಮೆರಿಕದ ಮಗಳು. ಆ ಮಾತು ನಿಮ್ಮ ಇಡೀ ಲೇಖನದಲ್ಲಿ ಒಂದು ಸಲವೂ ಬಂದಿಲ್ಲ.

ಏಷ್ಯಾ ಪ್ರವಾಸ ಅಂತ ಶೀರ್ಷಿಕೆ ಕೊಟ್ಟು ಜಪಾನ್ ಬಿಟ್ಟಿದ್ದೀರಿ. 1966ರ ಜುಲೈಯಲ್ಲಿ ಗಂಡ, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಂಡದ ಪಿಯಾನೋ ವಾದಕಿಯಾಗಿ ಆಲಿಸ್ ಅಲ್ಲಿಗೆ ಹೋಗಿದ್ದರು. ನಾಗಸಾಕಿಯಲ್ಲೂ ಕಛೇರಿ ಆಯಿತು. ಮುಂದಿನ ವರ್ಷ ಅದೇ ತಿಂಗಳಲ್ಲಿ ಜಾನ್ ತೀರಿಕೊಂಡರು. ಮನೆಯಲ್ಲಿ ನಾಲ್ಕು ಚಿಕ್ಕ ಮಕ್ಕಳು. ಆದರೂ 1968ಕ್ಕೆ ಸ್ವಂತ ಹೆಸರಿನ ಮೊದಲ ಆಲ್ಬಮ್ ಬಂತು. ಇದನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಿ. ಪ್ರತಿ ಪುಟದಲ್ಲೂ 'ಜಾನ್ ಕೋಲ್ಟ್ರೇನ್ ಪತ್ನಿ' ಅನ್ನುವುದು ಬೇಡ.

ಮುಂದೆ ಅವರು ಸತ್ಯಸಾಯಿಬಾಬಾ ಅವರ ಭಕ್ತೆಯಾದದ್ದು ನಿಜ. ಅದರಿಂದ 'ವೈಟ್‌ಫೀಲ್ಡ್‌ಗೂ ಬಂದಿರಬಹುದು, ನಮ್ಮ ಬೆಂಗಳೂರಿನ ಗಾಳಿಯೂ ಸೋಕಿರಬಹುದು' ಅಂತ ಒಂದು ಪುಟ ಎಳೆದಿದ್ದೀರಿ. ಬಂದ ಆಧಾರ ಇದ್ದರೆ ತಾರೀಖು ಸಮೇತ ಹಾಕಿ. ಇಲ್ಲದಿದ್ದರೆ ಸುಮ್ನೆ ತೆಗೆಯಿರಿ. ನಮ್ಮ ಊರಿಗೆ ಬರದಿದ್ದರೂ ಆಕೆಯ ಬಗ್ಗೆ ಕನ್ನಡದಲ್ಲಿ ಬರೆಯಬಹುದು.

ಕೊನೆಯ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಬೇಕು. 1978ರ ನಂತರ 'ಸಂಗೀತದಿಂದ ಮರೆಯಾದರು' ಅಂತ ಮುಗಿಸಿದ್ದೀರಿ. ಮರೆಯಾದದ್ದು ರೆಕಾರ್ಡ್ ಕಂಪನಿಗಳ ಕಣ್ಣಿಂದ ಮಾತ್ರ. 1983ರಲ್ಲಿ ಕ್ಯಾಲಿಫೋರ್ನಿಯಾದ ಅಗೂರಾ ಹಿಲ್ಸ್‌ನಲ್ಲಿ ಅವರದೇ ಆಶ್ರಮ ಆಯಿತು. ಅಲ್ಲಿ ಭಾನುವಾರದ ಭಜನೆಗೆ ಆರ್ಗನ್ ಮುಂದೆ ಕೂರುತ್ತಿದ್ದವರು ಇವರೇ. ಭಕ್ತರಿಗಾಗಿ ಕ್ಯಾಸೆಟ್‌ಗಳು ಬಂದವು. 1982ರ 'ತುರಿಯಾ ಸಿಂಗ್ಸ್'ನಲ್ಲಿ ಸಿಂಥಸೈಜರ್, ಪಿಟೀಲುಗಳ ರಾಶಿ. ಅದೇ ಹಾಡುಗಳು ಬರೀ ಕಂಠ ಮತ್ತು ಆರ್ಗನ್ ಆಗಿ 2021ರಲ್ಲಿ ಹೊರಬಂದವು, ಮಗ ರವಿ ಮುತುವರ್ಜಿಯಿಂದ. ಎರಡರಲ್ಲೂ 'ಯಮುನಾ ತೀರ ವಿಹಾರಿ' ಒಂದಾದ ಮೇಲೊಂದು ಕೇಳಿ, ನಿಮಗೆ ಕೇಳಿಸಿದ ವ್ಯತ್ಯಾಸ ಬರೆಯಿರಿ. ಲೇಖನದ ಎರಡನೇ ಅರ್ಧ ಅಲ್ಲೇ ಸಿಗುತ್ತದೆ. 2004ರಲ್ಲಿ ಅವರು ಮತ್ತೆ ಜಾಝ್ ಆಲ್ಬಮ್ ಮಾಡಿದರು, 2007ರಲ್ಲಿ ತೀರಿಕೊಂಡರು, 2018ರ ಕಾಡ್ಗಿಚ್ಚಿನಲ್ಲಿ ಆಶ್ರಮ ಸುಟ್ಟುಹೋಯಿತು. ಇವಕ್ಕೆಲ್ಲ ಒಂದೊಂದು ಸಾಲು ಸಾಕು, ಕಣ್ಣೀರು ಬೇಡ.

ತಿದ್ದಿದ್ದನ್ನು 1,500 ಪದದೊಳಗೆ ತನ್ನಿ. ಈಗ ಅದರ ದುಪ್ಪಟ್ಟಿದೆ. ಅಂತರ್ಜಾಲದಿಂದ ಇಳಿಸಿಕೊಂಡ ಫೋಟೋಗಳನ್ನು ಕಳಿಸಬೇಡಿ, ಹಕ್ಕಿನ ರಗಳೆ ನಮ್ಮ ತಲೆಗೆ ಬರುತ್ತದೆ. ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲ ಹಳೆಯ ಫಾಂಟ್‌ನಿಂದಾಗಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, 'ಕೋಲ್ಟ್ರೇನ್' ಓದುವುದೇ ಒಂದು ಸಾಹಸವಾಗಿತ್ತು.

ಇಂತಿ,
ಸಂಪಾದಕ